ನಾಲ್ಕು ಚಕ್ರ ಚಾಲನೆಯ ಬಂಡಿಯ ಸದ್ದು: ಅಡಗಿಸುವುದೋ, ಆಲಿಸುವುದೋ?

ಮಲೆನಾಡಿನಲ್ಲಿ ಜೀಪು ಕಣ್ಣಿಗೆ ಬೀಳುವ ಮುನ್ನವೇ ಕಿವಿಗೆ ಬೀಳುವುದು. ಕೊಡಚಾದ್ರಿಯ ಏರಿನಲ್ಲಾಗಲಿ, ಮಡಿಕೇರಿಯ ಬಳಿಯ ಮಾಂದಲಪಟ್ಟಿಯ ದಾರಿಯಲ್ಲಾಗಲಿ, ತಿರುವಿನಾಚೆ ಬರುತ್ತಿರುವುದು ಜೀಪೇ ಹೊರತು ಕಾರಲ್ಲವೆಂಬುದನ್ನು ಆ ಕಡೆಯ ಹುಡುಗರು ನೋಡದೆಯೇ ಹೇಳಬಲ್ಲರು. ಆ ಸದ್ದಿನಲ್ಲಿ ಎಂಜಿನಿನ ಪಾಲು ಇರುವಂತೆಯೇ, ಎಂಜಿನಿನಿಂದ ಚಕ್ರಗಳವರೆಗೆ ಶಕ್ತಿಯನ್ನು ಸಾಗಿಸುವ ಹಲ್ಲುಚಕ್ರ, ಶಾಫ್ಟು, ಬೇರಿಂಗುಗಳ ಪಾಲೂ ಉಂಟು. ಈ ಎರಡನೆಯ ಪಾಲು ದಿನೇ ದಿನೇ ಹೆಚ್ಚುತ್ತ ಹೋದಾಗ ಒಡೆಯರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುವರು. ನೆಲಕ್ಕೆ ದಪ್ಪನೆಯ ಹಾಸನ್ನು ಹಾಸಿ ಗೇರ್ ಪೆಟ್ಟಿಗೆಗೆ ಮಂದವಾದ ಎಣ್ಣೆಯನ್ನು ಸುರಿಸುವುದು ಒಂದು. ಕಾರ್ಖಾನೆಗೆ ಒಪ್ಪಿಸಿ, ಒಂದಾದ ಮೇಲೊಂದು ಭಾಗವನ್ನು ಬದಲಿಸಿ ನೋಡುವುದು ಇನ್ನೊಂದು. ಮೊದಲನೆಯದು ಕಿವಿಯನ್ನು ಮುಚ್ಚುವ ಉಪಾಯ; ಎರಡನೆಯದು ಕಣ್ಣು ಮುಚ್ಚಿ ಕಲ್ಲೆಸೆಯುವ ಉಪಾಯ. ಸದ್ದು ಎಲ್ಲಿ ಹುಟ್ಟುತ್ತಿದೆಯೆಂಬುದನ್ನು ಎಣಿಸಿ ತಿಳಿಯುವವರೆಗೆ ಅದನ್ನು ಅಡಗಿಸುವ ಯತ್ನಕ್ಕೆ ಕೈಹಾಕಬಾರದೆಂಬುದು ನಮ್ಮ ಅಭಿಪ್ರಾಯ. ಹಾಗೆ ತಿಳಿಯುವುದಕ್ಕೆ ಬೇಕಾದ ಭೌತವಿಜ್ಞಾನ ಬಹುಮಟ್ಟಿಗೆ ಪ್ರೌಢಶಾಲೆಯದೇ ಎಂಬುದನ್ನು ತೋರಿಸುವುದು ಈ ಬರಹದ ಉದ್ದೇಶ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಸದ್ದು ಮಾಡುವ ಯಂತ್ರ ತನ್ನ ಶಕ್ತಿಯನ್ನೆಲ್ಲ ಸದ್ದಿನಲ್ಲಿಯೇ ಕಳೆದುಕೊಳ್ಳುತ್ತದೆಂದು ಹಲವರು ನಂಬಿರುವರು. ಗಂಟಲು ಬಿರಿಯುವಂತೆ ಕೂಗುವ ಮನುಷ್ಯನಿಂದ ಹೊರಡುವ ಧ್ವನಿಶಕ್ತಿ ಒಂದು ವಾಟಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನದು. ಹತ್ತಾರು ಸಾವಿರ ವಾಟುಗಳನ್ನು ಸಾಗಿಸುವ ಆಕ್ಸಲಿಗೆ ಇಂಥ ಸೋರಿಕೆ ಲೆಕ್ಕಕ್ಕೇ ಇಲ್ಲ. ಆದುದರಿಂದ ಸದ್ದು ನಷ್ಟವಲ್ಲ, ಅದು ವರ್ತಮಾನ. ಹಲ್ಲಿನಿಂದ ಹಲ್ಲಿಗೆ ಬಲ ಸಮನಾಗಿ ಹಾಯುತ್ತಿಲ್ಲ, ಎಲ್ಲಿಯೋ ಏರಿಳಿತ ಉಂಟು ಎಂಬುದನ್ನು ಅದು ತಿಳಿಸುವುದು. ಆ ಏರಿಳಿತವೇ ಲೋಹವನ್ನು ದಣಿಸಿ ಮುರಿಯುವುದು.

ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ಬಂಡಿಯಲ್ಲಿ ಈ ವರ್ತಮಾನ ಹೊರಡುವ ತಾಣಗಳು ಹೆಚ್ಚು. ಗೇರ್ ಪೆಟ್ಟಿಗೆಯ ಬೆನ್ನಿಗೆ ಟ್ರಾನ್ಸ್‌ಫರ್ ಕೇಸು. ಅಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟು. ಪ್ರತಿ ಶಾಫ್ಟಿನ ಎರಡು ತುದಿಗಳಲ್ಲಿ ಕ್ರಾಸುಗಳು. ಎರಡು ಆಕ್ಸಲುಗಳಲ್ಲಿ ಎರಡು ಜೊತೆ ಕ್ರೌನ್ ಪಿನಿಯನ್. ಅದರ ಮೇಲೆ ಹಬ್ಬುಗಳ ಬೇರಿಂಗು. ಮಹೀಂದ್ರ ಸಂಸ್ಥೆಯವರು 1940ರ ದಶಕದ ಕೊನೆಯಲ್ಲಿ ವಿಲೀಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸಲು ತೊಡಗಿದಂದಿನಿಂದ ಈ ಏರ್ಪಾಡಿನ ಮೂಲರೂಪ ಹೆಚ್ಚು ಬದಲಾಗಿಲ್ಲ. 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿಯೂ ತತ್ತ್ವ ಇದೇ ಆಗಿತ್ತು. ಇಷ್ಟು ತಾಣಗಳಲ್ಲಿ ತಪ್ಪಿತಸ್ಥನು ಯಾರೆಂಬುದನ್ನು ಊಹೆಯಿಂದ ಹೇಳಹೊರಟರೆ ಹತ್ತರಲ್ಲೊಮ್ಮೆ ನಿಜವಾದೀತು.

ಲೆಕ್ಕದಿಂದ ಹೇಳಹೊರಟರೆ? ನಮ್ಮಲ್ಲಿ ಬಹುಕಾಲ ತಯಾರಾದ ಸಿ.ಜೆ.3ಬಿ ಮಾದರಿಯ ಜೀಪನ್ನೇ ತೆಗೆದುಕೊಳ್ಳೋಣ. ಅದರ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43 ಹಲ್ಲು. ಅದರ ಟೈರು ಒಂದು ಸುತ್ತು ಉರುಳಿದರೆ ಬಂಡಿ ಸುಮಾರು 2.2 ಮೀಟರು ಮುಂದೆ ಸಾಗುವುದು. ಗಂಟೆಗೆ 40 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 11 ಮೀಟರಿಗೆ ತುಸು ಹೆಚ್ಚು. ಎಂದರೆ ಚಕ್ರ ಸೆಕೆಂಡಿಗೆ ಸುಮಾರು 5 ಸುತ್ತು ಸುತ್ತುವುದು. ಕ್ರೌನು ಚಕ್ರದ ಜೊತೆಯಲ್ಲಿಯೇ ಸುತ್ತುವುದರಿಂದ ಅದರ 43 ಹಲ್ಲುಗಳು ಸೆಕೆಂಡಿಗೆ ಸುಮಾರು 217 ಬಾರಿ ಪಿನಿಯನ್ನಿನ ಹಲ್ಲುಗಳನ್ನು ಸಂಧಿಸುವುವು. ಈ ಸಂಧಿಸುವಿಕೆಯಲ್ಲಿ ಕುಂದಿದ್ದರೆ ನಮಗೆ ಕೇಳುವುದು 217 ಹರ್ಟ್ಜಿನ ಒಂದು ಸ್ಥಿರವಾದ ಗುಂಯ್‌ಕಾರ. ಗಾಯಕಿಯರು ಹಾಡಿಕೊಳ್ಳುವ ಆರು ಮನೆಯ ಶ್ರುತಿಗೆ ಅದು ಬಹಳ ಸಮೀಪದ್ದು. ವೇಗವನ್ನು 20 ಕಿ.ಮೀ.ಗೆ ಇಳಿಸಿದರೆ ಅದೇ ಸ್ವರ ಒಂದು ಸ್ಥಾಯಿ ಕೆಳಗಿಳಿಯುವುದು. ಪ್ರೊಪೆಲ್ಲರ್ ಶಾಫ್ಟಾದರೋ ಅದೇ 40 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 27 ಸುತ್ತು ಸುತ್ತುವುದು. ಅದರ ತೂಕ ಒಂದು ಮಗ್ಗುಲಿಗೆ ವಾಲಿದ್ದರೆ 27 ಹರ್ಟ್ಜಿನ ಕಂಪನ. ಕ್ರಾಸಿನ ದೋಷವಾದರೆ ಅದರ ಇಮ್ಮಡಿ, 54 ಹರ್ಟ್ಜು. ಇವು ಕಿವಿಗಿಂತ ಹೆಚ್ಚಾಗಿ ಆಸನದ ಮೂಲಕ ಬೆನ್ನಿಗೆ ತಿಳಿಯುವಂಥವು. ಹೀಗೆ ಒಂದೊಂದು ಭಾಗಕ್ಕೂ ಅದರದೇ ಆದ ಶ್ರುತಿಯುಂಟು. ಎಲ್ಲವೂ ವೇಗದೊಡನೆ ಏರಿದರೂ ಅವುಗಳ ನಡುವಣ ಪ್ರಮಾಣ ಮಾತ್ರ ಬದಲಾಗದು.

ಹಲ್ಲೊಂದು ಮುರಿದಿದ್ದರೆ ಲೆಕ್ಕ ಇನ್ನೂ ಸುಲಭ. ಗಂಟೆಗೆ 8 ಕಿ.ಮೀ., ಎಂದರೆ ಬಿರುಸಾಗಿ ಹೆಜ್ಜೆ ಹಾಕುವವನ ವೇಗದಲ್ಲಿ, ಮೇಲೆ ಹೇಳಿದ ಜೀಪಿನ ಚಕ್ರ ಸೆಕೆಂಡಿಗೆ ಒಂದೇ ಸುತ್ತು ಸುತ್ತುವುದು. ಚಕ್ರದ ಅಂಚಿಗೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ ಜೊತೆಯಲ್ಲಿ ಒಬ್ಬರು ನಡೆಯಲಿ. ಗುರುತು ಕೆಳಗೆ ಬಂದಾಗಲೆಲ್ಲ ಒಂದು ‘ಟಕ್’ ಕೇಳಿದರೆ ದೋಷ ಕ್ರೌನಿನಲ್ಲಿ ಅಥವಾ ಚಕ್ರದ ಜೊತೆ ಸುತ್ತುವ ಬೇರೊಂದರಲ್ಲಿ. ಒಂದು ಸುತ್ತಿಗೆ ಐದಕ್ಕೂ ಮಿಕ್ಕಿ ಬಾರಿ ಕೇಳಿದರೆ ದೋಷ ಪಿನಿಯನ್ನಿನಲ್ಲಿ ಇಲ್ಲವೆ ಶಾಫ್ಟಿನಲ್ಲಿ. ಒಂದು ಚೂರು ಸೀಮೆಸುಣ್ಣ ಉಳಿಸುವ ಹಣ ಎಷ್ಟೆಂಬುದು ಆಕ್ಸಲನ್ನು ಬಿಚ್ಚಿಸಿದವರಿಗೆ ಗೊತ್ತು.

ಆದರೆ ಶ್ರುತಿಯೊಂದನ್ನೇ ನಂಬಿದರೂ ಮೋಸಹೋಗುವ ಸಂಭವವುಂಟು. ಕೆಸರಿಗೆಂದು ಮಾಡಿದ ಟೈರಿನ ಸುತ್ತಳತೆಯಲ್ಲಿ 40 ದಪ್ಪ ಗಟ್ಟಿಗಳಿವೆಯೆನ್ನೋಣ. ಅವು ಸೆಕೆಂಡಿಗೆ ಸುಮಾರು 202 ಬಾರಿ ರಸ್ತೆಯನ್ನು ಬಡಿಯುವುವು. 202ಕ್ಕೂ 217ಕ್ಕೂ ಇರುವ ಅಂತರ ಸಂಗೀತದಲ್ಲಿ ಅರ್ಧ ಸ್ವರಕ್ಕಿಂತ ತುಸುವೇ ಹೆಚ್ಚು. ಗಾಳಿಯ ಮೊರೆತದ ನಡುವೆ ಇದನ್ನು ಬೇರ್ಪಡಿಸಿ ಗುರುತಿಸುವ ಕಿವಿ ಅಪರೂಪ. ನಮಗೆ ಪರಿಚಿತರಾದ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರ ಬಂಡಿಗೆ ಇದೇ ಗತಿ ಒದಗಿತು. ಕಾರ್ಖಾನೆಯವರು ಹಿಂಬದಿಯ ಕ್ರೌನ್ ಪಿನಿಯನ್ ಬದಲಿಸಿದರು, ಸದ್ದು ನಿಲ್ಲಲಿಲ್ಲ. ಆಮೇಲೆ ಬೇರಿಂಗು ಬದಲಿಸಿದರು. ಸದ್ದು ಆಗಲೂ ಇದ್ದಿತು. “ಮೇಷ್ಟ್ರೆ, ಡಾಂಬರು ಬಿಟ್ಟು ತೋಟದ ಮಣ್ಣುದಾರಿಗೆ ಇಳಿದ ಕೂಡಲೇ ಗಾಡಿ ಮಾತೇ ಆಡೋದಿಲ್ಲ” ಎಂದು ಅವರು ನಮ್ಮೊಡನೆ ಹೇಳಿದರು. ರೋಗದ ಹೆಸರು ಆ ಒಂದು ಮಾತಿನಲ್ಲಿಯೇ ಇತ್ತು. ಹಲ್ಲುಚಕ್ರಕ್ಕೆ ಕೆಳಗಿರುವುದು ಡಾಂಬರೋ ಮಣ್ಣೋ ಎಂಬುದು ಹೇಗೆ ಗೊತ್ತಾಗಬೇಕು? ಅದು ಟೈರಿಗೆ ಮಾತ್ರ ಗೊತ್ತು. ಆ ವರ್ಷವಷ್ಟೆ ಅವರು ಹೊಸ ಟೈರು ಹಾಕಿಸಿದ್ದರೆಂಬುದನ್ನು ಕಾರ್ಖಾನೆಯಲ್ಲಿ ಯಾರೂ ಕೇಳಿರಲಿಲ್ಲ.

ಇಂಥ ಪ್ರಶ್ನೆಗಳೇ ನಿಜವಾದ ಪರೀಕ್ಷೆ. ಇವಕ್ಕೆ ಉಪಕರಣ ಬೇಡ. ರಸ್ತೆಯ ಮೇಲ್ಮೈ ಬದಲಾದರೆ ಸದ್ದು ಬದಲಾಗುವುದೆ? ಹಾಗಾದರೆ ಟೈರು. ಬಂಡಿಯ ವೇಗವನ್ನು ಅಷ್ಟೇ ಇಟ್ಟುಕೊಂಡು ಮೂರನೆಯ ಗೇರಿನಿಂದ ನಾಲ್ಕನೆಯದಕ್ಕೆ ಹೋದರೆ ಶ್ರುತಿ ಬದಲಾಗುವುದೆ? ಹಾಗಾದರೆ ಮೂಲವಿರುವುದು ಎಂಜಿನಿನ ಕಡೆ. ಬದಲಾಗದಿದ್ದರೆ ಗೇರ್ ಪೆಟ್ಟಿಗೆಯ ಹಿಂದೆ. ಆಕ್ಸಲರೇಟರನ್ನು ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆಯಾಗುವುದೆ? ಒತ್ತಿದಾಗ ಹಲ್ಲಿನ ಒಂದು ಮುಖದ ಮೇಲೆ ಭಾರ, ಬಿಟ್ಟಾಗ ಬೆನ್ನಿನ ಮುಖದ ಮೇಲೆ ಭಾರ. ಆದುದರಿಂದ ಕ್ರೌನ್ ಪಿನಿಯನ್ನಿನ ಸದ್ದು ಕಾಲಿನ ಒತ್ತಡಕ್ಕೆ ಓಗೊಡುವುದು, ಟೈರಿನದೂ ಹಬ್ ಬೇರಿಂಗಿನದೂ ಅಷ್ಟಾಗಿ ಓಗೊಡದು. ನೇರವಾದ ರಸ್ತೆಯಲ್ಲಿ ಸ್ಟಿಯರಿಂಗನ್ನು ಮೆಲ್ಲನೆ ಎಡಕ್ಕೆ ಎಳೆದರೆ ಬಂಡಿಯ ಭಾರ ಬಲಬದಿಯ ಚಕ್ರಗಳ ಮೇಲೆ ವಾಲುವುದು. ಆಗ ಗುರುಗುಟ್ಟುವಿಕೆ ಹೆಚ್ಚಿದರೆ ಬಲಬದಿಯ ಬೇರಿಂಗನ್ನು ಮೊದಲು ಶಂಕಿಸಬೇಕು. ಬಂಡಿ ನಿಂತಿದ್ದು ಎಂಜಿನು ನಡೆಯುತ್ತಿರುವಾಗ ಕ್ಲಚ್ಚನ್ನು ತುಳಿದೊಡನೆ ಸದ್ದು ಅಡಗಿದರೆ ಗೇರ್ ಪೆಟ್ಟಿಗೆಯ ಮುಂಬದಿಯ ಬೇರಿಂಗು. ತುಳಿದೊಡನೆ ಹುಟ್ಟಿದರೆ ಕ್ಲಚ್ಚಿನದೇ ಬೇರಿಂಗು. ಮುಂದಿನ ಆಕ್ಸಲಿನ ಮೇಲೆ ಸಂಶಯವಿದ್ದರೆ ಫ್ರೀ ವೀಲ್ ಹಬ್ಬುಗಳುಳ್ಳ ಬಂಡಿಯಲ್ಲಿ ಅವನ್ನು ಬಿಡಿಸಿ ನಡೆಸಬಹುದು. ಅವಿಲ್ಲದ ಹಳೆಯ ಜೀಪಿನಲ್ಲಿ ಮುಂದಿನ ಶಾಫ್ಟಿನ ಎರಡು ತುದಿಗಳ ಬೋಲ್ಟು ಬಿಚ್ಚಿ ಶಾಫ್ಟನ್ನು ತೆಗೆದಿಟ್ಟು, ಎರಡೇ ಚಕ್ರದ ಚಾಲನೆಯಲ್ಲಿ ಒಂದೆರಡು ಮೈಲಿ ಹೋಗಿಬಂದರೆ ಸಾಕು. ನಾಲ್ಕೂ ಚಕ್ರಗಳು ಸದಾ ಎಂಜಿನಿಗೆ ಜೋಡಿಸಲ್ಪಟ್ಟ ಬಂಡಿಗಳಲ್ಲಿ ಮಾತ್ರ ಈ ಕೊನೆಯ ಪ್ರಯೋಗವನ್ನು ಬಲ್ಲವರನ್ನು ಕೇಳದೆ ಮಾಡಕೂಡದು.

ಈ ಪ್ರಶ್ನೆಗಳನ್ನು ಹಿರಿಯ ಮೇಸ್ತ್ರಿಗಳು ಹಿಂದಿನಿಂದಲೂ ಕೇಳುತ್ತ ಬಂದಿರುವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್ ಪೆಟ್ಟಿಗೆಯ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಆಲಿಸುವ ಮೇಸ್ತ್ರಿಯನ್ನು ಕಂಡು ನಗುವವರುಂಟು. ಗಾಳಿಗಿಂತ ಉಕ್ಕಿನ ಮೂಲಕ ಕಂಪನ ಬಲವಾಗಿ ಬರುವುದೆಂಬುದನ್ನೂ, ಸುತ್ತಲಿನ ಗದ್ದಲವನ್ನು ಬಿಟ್ಟು ಒಂದೇ ಬಿಂದುವಿನ ಸದ್ದನ್ನು ಆರಿಸಿಕೊಳ್ಳುವುದಕ್ಕೆ ಇದಕ್ಕಿಂತ ಅಗ್ಗದ ಸಾಧನವಿಲ್ಲವೆಂಬುದನ್ನೂ ಅವರು ಅರಿಯರು. ಈಗ ಕೆಲವು ಕಡೆ ಆ ಕಿವಿಯ ಸ್ಥಾನಕ್ಕೆ ಬಂದಿರುವುದು ವೈಜ್ಞಾನಿಕವಾದ ಮಾಪನವಲ್ಲ, “ಬದಲಿಸಿ ನೋಡೋಣ ಸಾರ್” ಎಂಬ ಮಾತು. ಮೇಸ್ತ್ರಿಯ ಕಿವಿಗೂ ಪ್ರಯೋಗಶಾಲೆಯ ಮಾಪನಕ್ಕೂ ವಿರೋಧವಿಲ್ಲ. ವಿರೋಧವಿರುವುದು ಇವೆರಡಕ್ಕೂ ಊಹೆಗೂ.

ಇನ್ನು ಒಡೆಯರೇ ಕೈಯಾರೆ ತಂದುಕೊಳ್ಳುವ ಸದ್ದುಗಳ ಸಂಗತಿ. ಬಂಡಿಗೆ ಗಾಂಭೀರ್ಯ ಬರಲೆಂದು ಸ್ಪ್ರಿಂಗುಗಳನ್ನು ಎತ್ತರಿಸುವ ಗೀಳು ಇತ್ತೀಚೆಗೆ ಹಬ್ಬಿದೆ. ಹದಿನೇಳನೆಯ ಶತಮಾನದಲ್ಲಿ ರಾಬರ್ಟ್ ಹುಕ್ ಬಳಸಿ ಅಭ್ಯಸಿಸಿದ ಕೀಲೇ ಇಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು. ಅದರ ಗುಣವೊಂದುಂಟು: ಎರಡು ಶಾಫ್ಟುಗಳ ನಡುವೆ ಕೋನವಿದ್ದರೆ, ಮೊದಲನೆಯದು ಸಮವೇಗದಲ್ಲಿ ಸುತ್ತಿದರೂ ಎರಡನೆಯದು ಸಮವೇಗದಲ್ಲಿ ಸುತ್ತದು. ಒಂದು ಸುತ್ತಿನಲ್ಲಿ ಎರಡು ಸಲ ಮುನ್ನುಗ್ಗುವುದು, ಎರಡು ಸಲ ಹಿಂದುಳಿಯುವುದು. ಕೋನ 10 ಡಿಗ್ರಿಯಾದರೆ ಈ ವ್ಯತ್ಯಾಸ ಸರಾಸರಿಯಿಂದ ಶೇಕಡಾ ಒಂದೂವರೆಯಷ್ಟು. 20 ಡಿಗ್ರಿಯಾದರೆ ಶೇಕಡಾ 3 ಅಲ್ಲ, 6. ಕೋನ ಇಮ್ಮಡಿಯಾದರೆ ದೋಷ ನಾಲ್ಮಡಿಯಾಗುವುದೆಂಬುದನ್ನು ಗಮನಿಸಬೇಕು. ಜೀಪಿನ ಹಿಂದಿನ ಶಾಫ್ಟು ಗಿಡ್ಡನೆಯದು. ಅದು 60 ಸೆಂಟಿಮೀಟರಿದೆಯೆಂದು ಇಟ್ಟುಕೊಂಡರೂ, ಬಂಡಿಯನ್ನು 10 ಸೆಂಟಿಮೀಟರು ಎತ್ತರಿಸಿದೊಡನೆ ಕೋನ ಒಂಬತ್ತು ಹತ್ತು ಡಿಗ್ರಿ ಹೆಚ್ಚುವುದು. ಶಾಫ್ಟಿನ ಎರಡು ತುದಿಗಳ ಕವೆಗಳು ಒಂದೇ ಸಮತಲದಲ್ಲಿದ್ದು ಎರಡೂ ಕಡೆಯ ಕೋನಗಳು ಸಮನಾಗಿದ್ದರೆ ಒಂದು ಕ್ರಾಸಿನ ತಪ್ಪನ್ನು ಇನ್ನೊಂದು ತಿದ್ದುವುದು, ನಿಜ. ಆದರೆ ಆಕ್ಸಲನ್ನು ಓರೆಮಾಡಿ ಕೂರಿಸಿದರೆ ಕೋನಗಳ ಆ ಸಮತೆ ಕೆಡುವುದು. ಜಾರುವ ಕೀಲನ್ನು ಬಿಚ್ಚಿ ಮರುಜೋಡಿಸುವಾಗ ಒಂದೆರಡು ಗಾಡಿ ತಪ್ಪಿದರೆ ಕವೆಗಳು ಒಂದೇ ಸಮತಲದಲ್ಲಿ ನಿಲ್ಲವು. ಶಾಫ್ಟನ್ನು ಬಿಚ್ಚುವ ಮುನ್ನ ಎರಡು ಭಾಗಗಳ ಮೇಲೂ ಬಣ್ಣದ ಗೆರೆಯೆಳೆಯದ ಕಾರ್ಖಾನೆಯಿಂದ ಬಂಡಿಯನ್ನು ಹಿಂದಕ್ಕೆ ತರುವುದೇ ಲೇಸು.

ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರಗಳ ಚಾಲನೆಯನ್ನು ಹಾಕಿಕೊಂಡೇ ಓಡಾಡುವ ಅಭ್ಯಾಸ. ಹಳೆಯ ಜೀಪಿನಲ್ಲಿಯೂ ಅದರ ವಂಶದ ಎಷ್ಟೋ ಬಂಡಿಗಳಲ್ಲಿಯೂ ಮುಂದಿನ, ಹಿಂದಿನ ಶಾಫ್ಟುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಸನ್ನೆಗೋಲನ್ನು ಹಾಕಿದ ಮೇಲೆ ಎರಡೂ ಒಂದೇ ವೇಗದಲ್ಲಿ ಸುತ್ತಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳ ದಾರಿ ಹಿಂದಿನವುಗಳ ದಾರಿಗಿಂತ ದೊಡ್ಡದು. ಎರಡು ಆಕ್ಸಲುಗಳ ನಡುವೆ 2.03 ಮೀಟರು ಅಂತರವುಳ್ಳ ಜೀಪು, ಹಿಂದಿನ ಆಕ್ಸಲಿನ ನಡುಭಾಗ 5 ಮೀಟರ್ ತ್ರಿಜ್ಯದ ವೃತ್ತದಲ್ಲಿ ಹೋಗುವಂತೆ ತಿರುಗಿದರೆ, ಮುಂದಿನದರ ತ್ರಿಜ್ಯ ಪೈಥಾಗೊರಸನ ಪ್ರಮೇಯದಂತೆ 5.4 ಮೀಟರು, ಶೇಕಡಾ 8ರಷ್ಟು ಹೆಚ್ಚು. ಕೆಸರಿನಲ್ಲಿ ಟೈರು ಜಾರಿ ಈ ಲೆಕ್ಕವನ್ನು ಸರಿದೂಗಿಸುವುದು. ಒಣ ಡಾಂಬರಿನಲ್ಲಿ ಜಾರಲು ಎಡೆಯಿಲ್ಲದೆ ಶಾಫ್ಟುಗಳೇ ಹಗ್ಗದಂತೆ ಹುರಿಗೊಳ್ಳುವುವು. ಬಿಗಿ ಮಿತಿಮೀರಿದಾಗ ಟೈರು ಥಟ್ಟನೆ ಜಾರಿ ‘ಢಣ್’ ಎಂಬ ಸದ್ದಾಗುವುದು, ಸನ್ನೆಗೋಲು ಕಚ್ಚಿಕೊಂಡು ಈಚೆಗೆ ಬಾರದಾಗುವುದು. ನೇರ ರಸ್ತೆಯೂ ಸುರಕ್ಷಿತವಲ್ಲ. ಮುಂದೆ ಸವೆದ ಟೈರು, ಹಿಂದೆ ಹೊಸ ಟೈರು ಇದ್ದು ಸುತ್ತಳತೆಯಲ್ಲಿ ಶೇಕಡಾ ಒಂದೇ ವ್ಯತ್ಯಾಸವಿದ್ದರೂ ಕಿಲೋಮೀಟರಿಗೆ ನಾಲ್ಕೂವರೆ ಸುತ್ತು ಲೆಕ್ಕ ತಪ್ಪುವುದು. ಅಷ್ಟನ್ನೂ ಹಲ್ಲುಗಳೂ ಟೈರುಗಳೂ ಹಂಚಿಕೊಂಡು ಭರಿಸಬೇಕು. ಘಾಟಿಯ ಡಾಂಬರಿನಲ್ಲಿ ‘ಹಿಡಿತಕ್ಕಾಗಿ’ ಎಂದು ಹೀಗೆ ಮಾಡುವವರು ಮಳೆಗಾಲದ ಕೆಸರಿಗೆ ಬೇಕಾದ ಆಯುಷ್ಯವನ್ನು ಬೇಸಗೆಯಲ್ಲಿಯೇ ತೀರಿಸಿಬಿಡುವರು.

ಮಲೆನಾಡಿಗೇ ವಿಶೇಷವಾದ ಇನ್ನೊಂದು ಕಾರಣ ನೀರು. ಬಹುದೂರ ಓಡಿದ ಆಕ್ಸಲಿನ ಒಳಗಣ ಗಾಳಿ 80 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದಿರುವಾಗ ಬಂಡಿ ಹಳ್ಳಕ್ಕೆ ಇಳಿದು, ಅದು 25 ಡಿಗ್ರಿಗೆ ತಣಿಯಿತೆನ್ನೋಣ. ಚಾರ್ಲ್ಸನ ನಿಯಮದಂತೆ ಗಾಳಿಯ ಗಾತ್ರ ಸುಮಾರು ಶೇಕಡಾ 15ರಷ್ಟು ಕುಗ್ಗುವುದು. ಕುಗ್ಗಿದ ಜಾಗವನ್ನು ತುಂಬಲು ಹೊರಗಿನ ಗಾಳಿ ಒಳಬರಲೆಂದೇ ಆಕ್ಸಲಿನ ಮೇಲೆ ಒಂದು ಸಣ್ಣ ಉಸಿರುಗಂಡಿಯಿದೆ. ಅದು ಕೆಸರಿನಿಂದ ಮುಚ್ಚಿಹೋಗಿದ್ದರೆ ಆಕ್ಸಲು ತನ್ನ ಸೀಲುಗಳ ಅಂಚಿನಿಂದ ಹಳ್ಳದ ನೀರನ್ನೇ ಹೀರಿಕೊಳ್ಳುವುದು. ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ ಮೇಲೆ ಬೇರಿಂಗು ತುಕ್ಕುಹಿಡಿಯಲು ಹೆಚ್ಚು ಕಾಲ ಬೇಡ. ಮಳೆಗಾಲ ಕಳೆದ ಮೇಲೆ ಕೇಳಿಬರುವ ಎಷ್ಟೋ ಗುರುಗುಟ್ಟುವಿಕೆಗಳ ಜನ್ಮಸ್ಥಾನ ಈ ಗಂಡಿ. ಹಳ್ಳ ದಾಟುವ ಬಂಡಿಗಳಲ್ಲಿ ಇದಕ್ಕೊಂದು ರಬ್ಬರು ನಳಿಗೆಯನ್ನು ಸಿಕ್ಕಿಸಿ, ಬಾಯನ್ನು ಎತ್ತರದಲ್ಲಿ ಕಟ್ಟುವುದು ಸುಲಭ.

ಎಣ್ಣೆಯ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಆಕ್ಸಲಿನ ಕ್ರೌನ್ ಪಿನಿಯನ್ನಿನ ಹಲ್ಲುಗಳು ಒಂದರ ಮೇಲೊಂದು ಉರುಳುವುದು ಮಾತ್ರವಲ್ಲದೆ ಬಲವಾಗಿ ಉಜ್ಜಿಕೊಳ್ಳುವುವು. ಅವಕ್ಕೆ ಗಂಧಕ, ರಂಜಕಗಳ ಸಂಯುಕ್ತಗಳುಳ್ಳ ಜಿ.ಎಲ್.-5 ದರ್ಜೆಯ ಎಣ್ಣೆ ತಕ್ಕದು. ಅದನ್ನೇ ಹಿತ್ತಾಳೆಯ ಉಂಗುರಗಳುಳ್ಳ ಗೇರ್ ಪೆಟ್ಟಿಗೆಗೆ ಹಾಕಿದರೆ ಕೆಲವು ಎಣ್ಣೆಗಳು ಆ ಉಂಗುರಗಳನ್ನು ಸವೆಸುವುದುಂಟು. ಅಲ್ಲಿಗೆ ತಯಾರಕರು ಹೇಳುವುದು ಸಾಮಾನ್ಯವಾಗಿ ಜಿ.ಎಲ್.-4. ಇವೆರಡರ ಭೇದವನ್ನು ಎಣಿಸದೆ “ಮಂದವಾದರೆ ಸದ್ದು ಕಡಿಮೆ” ಎಂಬ ಒಂದೇ ಸೂತ್ರದಿಂದ ಎಣ್ಣೆಯನ್ನು ಆರಿಸುವುದು ಕೂಡದು. ಮಂದವಾದ ಎಣ್ಣೆ ಸವೆದ ಹಲ್ಲುಗಳ ನಡುವಣ ಬಡಿತವನ್ನು ಮೃದುಗೊಳಿಸುವುದೇನೋ ನಿಜ. ಸಂದುಗೊಂದುಗಳ ಬೇರಿಂಗಿಗೆ ಅದು ತಲಪುವುದು ತಡವಾಗುವುದೂ ಅಷ್ಟೇ ನಿಜ. ಗೇರ್ ಪೆಟ್ಟಿಗೆಗೆ ಮರದ ಹೊಟ್ಟನ್ನು ತುಂಬಿ ಹಳೆಯ ಬಂಡಿಯನ್ನು ಮಾರುತ್ತಿದ್ದ ಕುಯುಕ್ತಿಗೂ ಈ ವೈದ್ಯಕ್ಕೂ ಇರುವ ಅಂತರ ಹೆಚ್ಚಿನದಲ್ಲ.

ನೆಲದ ಹಾಸಿನ ವಿಷಯದಲ್ಲಿ ನಮ್ಮ ಆಕ್ಷೇಪಣೆ ಸ್ವಲ್ಪ ಬೇರೆ ಬಗೆಯದು. ಗಾಳಿಯಲ್ಲಿ ಬರುವ ಶಬ್ದವನ್ನು ತಡೆಯುವ ಗೋಡೆಯ ಶಕ್ತಿ ಅದರ ತೂಕದೊಡನೆಯೂ ಶಬ್ದದ ಆವೃತ್ತಿಯೊಡನೆಯೂ ಏರುವುದು: ತೂಕ ಇಮ್ಮಡಿಯಾದರೆ ಸುಮಾರು 6 ಡೆಸಿಬೆಲ್, ಆವೃತ್ತಿ ಇಮ್ಮಡಿಯಾದರೆ ಇನ್ನೊಂದು 6 ಡೆಸಿಬೆಲ್. ಆದುದರಿಂದ ಒಂದು ಹಾಸು 2000 ಹರ್ಟ್ಜಿನ ಸದ್ದನ್ನು ತಡೆಯುವಷ್ಟು 217 ಹರ್ಟ್ಜಿನದನ್ನು ತಡೆಯಲಾರದು. ಎರಡಕ್ಕೂ ಹೆಚ್ಚುಕಡಮೆ 19 ಡೆಸಿಬೆಲ್ಲಿನ ಅಂತರ. ಬೇರಿಂಗಿನ ಮೈಯಲ್ಲಿ ಮೊದಲ ಸೀಳು ಬಿಟ್ಟಾಗ ಹುಟ್ಟುವ ಸದ್ದಾದರೋ ಸಣ್ಣದಾದ, ಎತ್ತರದ ಸ್ವರದ ಸದ್ದು. ಹೀಗೆ ಹಾಸು ಬಚ್ಚಿಡುವುದು ನಮ್ಮನ್ನು ಕಾಡುವ ಗುಂಯ್‌ಕಾರವನ್ನಲ್ಲ, ನಮ್ಮನ್ನು ಎಚ್ಚರಿಸಬೇಕಾದ ಪಿಸುಮಾತನ್ನು. ಅಡಗಿಸುವ ಉಪಾಯಗಳೆಲ್ಲ ಹುಸಿಯೆಂದು ನಾವು ಹೇಳುತ್ತಿಲ್ಲ. ಗೇರ್ ಪೆಟ್ಟಿಗೆಯನ್ನು ಹೊತ್ತಿರುವ ಮೌಂಟಿಂಗ್ ರಬ್ಬರುಗಳು ಕಲ್ಲಿನಂತಾಗಿ ಒಡೆದಿದ್ದರೆ ಕಂಪನವೆಲ್ಲ ನೇರವಾಗಿ ಬಂಡಿಯ ಮೈಗೆ ಹಾಯುವುದು. ಅವನ್ನು ಬದಲಿಸುವುದು ಅಗ್ಗವೂ ಹೌದು, ಪ್ರಾಮಾಣಿಕವೂ ಹೌದು.

ಇಂದು ಹೆಚ್ಚಿನವರ ಜೇಬಿನಲ್ಲಿ ಮೊಬೈಲ್ ಫೋನಿದೆ. ಶಬ್ದವನ್ನು ಆವೃತ್ತಿಗಳಾಗಿ ಬಿಡಿಸಿ ತೋರಿಸುವ ಆ್ಯಪುಗಳು ಬಿಟ್ಟಿಯಾಗಿ ದೊರೆಯುವುವು. ಜೊತೆಯಲ್ಲಿ ಕುಳಿತವರು ಫೋನನ್ನು ಹಿಡಿದು, ಚಾಲಕರು ಗಂಟೆಗೆ 40 ಕಿ.ಮೀ. ವೇಗವನ್ನು ಕಾಯ್ದುಕೊಂಡರೆ, 202ರ ಗೆರೆಯೂ 217ರ ಗೆರೆಯೂ ಕಿವಿ ಬೇರ್ಪಡಿಸಲಾರದಿದ್ದರೂ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವುವು. ಟೈರಿನ ಗಟ್ಟಿಗಳನ್ನು ಎಣಿಸುವುದು, ಟೈರಿನ ಉರುಳನ್ನು ಟೇಪಿನಿಂದ ಅಳೆಯುವುದು, ಕ್ರೌನ್ ಪಿನಿಯನ್ನಿನ ಹಲ್ಲುಗಳ ಸಂಖ್ಯೆಯನ್ನು ಬಂಡಿಯ ಕೈಪಿಡಿಯಿಂದ ತಿಳಿಯುವುದು, ಇಷ್ಟೇ ಪೂರ್ವಸಿದ್ಧತೆ. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಶ್ರುತಿಕವೆಯನ್ನೂ ಸೋನೋಮೀಟರನ್ನೂ ಹಿಡಿದು ವರ್ಷ ವರ್ಷವೂ ಅದೇ ಉತ್ತರವನ್ನು ತೆಗೆಯುತ್ತಿರುವ ವಿದ್ಯಾರ್ಥಿಗಳಲ್ಲಿ ಜೀಪುಳ್ಳ ಮನೆಗಳಿಂದ ಬಂದವರು ಮಲೆನಾಡಿನ ಜಿಲ್ಲೆಗಳಲ್ಲಿ ಕಡಮೆಯಿಲ್ಲ. ಉತ್ತರ ಮೊದಲೇ ಗೊತ್ತಿಲ್ಲದ ಒಂದು ಲೆಕ್ಕವನ್ನು ಅವರಿಗೆ ಕೊಡಬೇಕೆಂದಿದ್ದರೆ ಅದು ಕಾಲೇಜಿನ ಬಾಗಿಲಿನಾಚೆ ನಿಂತಿದೆ. ಪಠ್ಯಕ್ರಮವನ್ನು ರಚಿಸುವವರಿಗೆ ಈ ಮಾತು ಲಘುವಾಗಿ ತೋರಿದರೆ ಅವರೊಮ್ಮೆ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ನೋಡಲಿ.

ಕೆಲವು ಸದ್ದುಗಳೊಡನೆ ಬಾಳಲೇಬೇಕು. ಹಳೆಯ ಮೂರು ಗೇರಿನ ಜೀಪುಗಳಲ್ಲಿ ಒಂದನೆಯ ಗೇರಿನದೂ ರಿವರ್ಸಿನದೂ ನೇರವಾಗಿ ಕತ್ತರಿಸಿದ ಹಲ್ಲುಗಳು. ಓರೆಹಲ್ಲುಗಳಲ್ಲಿ ಒಂದು ಜೊತೆ ಬಿಡುವ ಮುನ್ನ ಇನ್ನೊಂದು ಕ್ರಮವಾಗಿ ಭಾರವನ್ನು ಹೊರುವುದು; ನೇರ ಹಲ್ಲು ತನ್ನ ಅಗಲದುದ್ದಕ್ಕೂ ಒಮ್ಮೆಲೇ ಬಡಿಯುವುದು. ಅದು ಊಳಿಡುವುದು ಅದರ ಹುಟ್ಟುಗುಣ. ಇದನ್ನು ಅಡಗಿಸಲು ಹಣ ಸುರಿಯುವವರನ್ನು ನಾವು ಬಲ್ಲೆವು. ಅವರಲ್ಲಿಯೇ ಕೆಲವರು, ಚಕ್ರದ ಬದಿಯಿಂದ ಮೆಲ್ಲನೆ ಏಳುವ ಗುರುಗುಟ್ಟುವಿಕೆಯನ್ನು ‘ಇನ್ನೊಂದು ತಿಂಗಳು ನೋಡೋಣ’ ಎಂದು ಬಿಟ್ಟಿರುವರು. ಹಬ್ಬಿನ ಬೇರಿಂಗು ಸಡಿಲಗೊಂಡರೆ ಕಾದು, ಕಚ್ಚಿಕೊಂಡು, ಚಕ್ರವನ್ನೇ ಕಳಚುವ ಭಯವುಂಟು; ಆ ಬಂಡಿಗಳು ಬೆಟ್ಟದ ಅಂಚಿನಲ್ಲಿ ಜನರನ್ನು ಹೊತ್ತು ಇಳಿಯುವಂಥವು. ಐದಾರು ಮೈಲಿ ಓಡಿಸಿ ನಿಲ್ಲಿಸಿದೊಡನೆ ನಾಲ್ಕು ಹಬ್ಬುಗಳ ಬಳಿಗೂ ಅಂಗೈಯನ್ನು ಒಯ್ದು ನೋಡಬಹುದು. ಉಳಿದ ಮೂರಕ್ಕಿಂತ ಒಂದು ಎದ್ದುಕಾಣುವಷ್ಟು ಬಿಸಿಯಾಗಿದ್ದರೆ, ಆ ಚಕ್ರವನ್ನು ಜ್ಯಾಕಿನಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ ಪರೀಕ್ಷಿಸದ ಹೊರತು ಅಂದು ಆ ಬಂಡಿ ಘಾಟಿಯನ್ನು ಇಳಿಯಕೂಡದು.